ಕಂಬಳದ ಕರೆಯಲ್ಲಿ ಹವ್ಯಾಸಿಯ ಕ್ಯಾಮರಾ

ಮನುಷ್ಯನ ಕಣ್ಣು ಅದ್ಭುತವಾದ ಸೃಷ್ಟಿ. ಆದರೂ ಅದಕ್ಕೊಂದು ಮಿತಿಯುಂಟು. ನಿಂತ ಬೆಟ್ಟವನ್ನು, ಹರಿವ ಹೊಳೆಯನ್ನು, ಅರಳಿದ ಹೂವನ್ನು ಅದು ಮನದಣಿಯೆ ನೋಡಬಲ್ಲುದು. ಕ್ಷಣಾರ್ಧದಲ್ಲಿ ಎದುರಿಗೆ ಬಂದು ಕ್ಷಣಾರ್ಧದಲ್ಲಿ ಮರೆಯಾಗುವ ಓಟವನ್ನು ಮಾತ್ರ ಅದು ಕಂಡಂತೆ ಮಾಡುತ್ತದೆಯೇ ಹೊರತು ನಿಜವಾಗಿ ಕಾಣುವುದಿಲ್ಲ. ಕಣ್ಣಿನ ಈ ಕೊರತೆಯನ್ನು ತುಂಬುವುದಕ್ಕೆಂದೇ ಕ್ಯಾಮರಾ ಹುಟ್ಟಿತೋ ಎನ್ನುವಷ್ಟರ ಮಟ್ಟಿಗೆ ವೇಗದ ಆಟಗಳ ಛಾಯಾಗ್ರಹಣ ಇಂದು ಬೆಳೆದು ನಿಂತಿದೆ. ಒಂದು ಕಾಲಕ್ಕೆ ಊರಿಗೊಂದು ಸ್ಟುಡಿಯೋ, ಸ್ಟುಡಿಯೋಕ್ಕೊಂದು ಕ್ಯಾಮರಾ ಇದ್ದದ್ದು ಹೋಗಿ, ಈಗ ಪ್ರತಿಯೊಬ್ಬನ ಅಂಗೈಯಲ್ಲೂ ಅದು ಬಂದು ಕುಳಿತಿದೆ. ಆದುದರಿಂದ ವೇಗವನ್ನು ಚಿತ್ರದಲ್ಲಿ ಹಿಡಿಯುವುದು ಇನ್ನು ಕಷ್ಟವೇನಲ್ಲ, ಯಂತ್ರವೇ ಎಲ್ಲವನ್ನೂ ಮಾಡಿಕೊಡುತ್ತದೆ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಹಬ್ಬಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ಕರ್ನಾಟಕದ ಕರಾವಳಿಯ ಕಂಬಳಕ್ಕಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ.

ಉಡುಪಿಗೆ ಹತ್ತಿಕೊಂಡಿರುವ ಮಣಿಪಾಲದ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಡಾ. ಟಿ. ಎಂ. ಎ. ಪೈಯವರ ದೂರದೃಷ್ಟಿಯಿಂದ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು, 1957ರಲ್ಲಿ ತಾಂತ್ರಿಕ ವಿದ್ಯಾಲಯ ಆರಂಭವಾದ ಮೇಲೆ, ಒಂದು ಬೋಳುಗುಡ್ಡವು ದೇಶದ ನಾನಾ ಭಾಗಗಳ ವಿದ್ಯಾರ್ಥಿಗಳು ಬಂದು ಸೇರುವ ವಿದ್ಯಾನಗರವಾಯಿತು. 1970ರಲ್ಲಿ 'ಉದಯವಾಣಿ' ದಿನಪತ್ರಿಕೆ ಹುಟ್ಟಿದ್ದೂ ಈ ಗುಡ್ಡದ ಮೇಲೆಯೇ. ಅಲ್ಲಿಂದ ಒಂದು ಗಂಟೆಯ ಪ್ರಯಾಣದಲ್ಲಿ ಕಾರ್ಕಳದ ಮಿಯಾರು. ಇನ್ನೂ ಹತ್ತಿರದಲ್ಲಿ ಕಾಪು ತಾಲ್ಲೂಕಿನ ಕಟಪಾಡಿ. ಎರಡೂ ಕಂಬಳಕ್ಕೆ ಹೆಸರಾದ ಊರುಗಳು. ಕಾರ್ತಿಕ ಕಳೆದು ಗದ್ದೆಯ ಕೊಯ್ಲು ಮುಗಿದ ಮೇಲೆ, ನವೆಂಬರಿನಿಂದ ಮಾರ್ಚಿಯವರೆಗೆ, ವಾರದ ಕೊನೆಗೊಂದರಂತೆ ಕಂಬಳಗಳು ನಡೆಯುತ್ತವೆ. ಕ್ಯಾಮರಾವನ್ನು ಹೆಗಲಿಗೇರಿಸಿಕೊಂಡ ವೈದ್ಯ, ಬ್ಯಾಂಕಿನ ಗುಮಾಸ್ತ, ಶಾಲಾ ಮಾಸ್ತರ, ಕಾಲೇಜು ವಿದ್ಯಾರ್ಥಿ ಇವರೆಲ್ಲ ಅಲ್ಲಿ ಕೆಸರಿನ ಅಂಚಿನಲ್ಲಿ ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ಇವರಿಗೆ ಯಾವ ಪತ್ರಿಕೆಯ ಆಜ್ಞೆಯೂ ಇಲ್ಲ, ಸಂಬಳವೂ ಇಲ್ಲ. ಹವ್ಯಾಸವೊಂದೇ ಇವರ ಚಾಲಕಶಕ್ತಿ.

ಘಟ್ಟದ ಮೇಲಿನ ವಾಚಕರ ತಿಳಿವಳಿಕೆಗಾಗಿ ಕಂಬಳದ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ. ಬಯಲುಸೀಮೆಯಲ್ಲಿ ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸಿ ಕರಿ ಹರಿಯುವಂತೆ, ತುಳುನಾಡಿನಲ್ಲಿ ಕೋಣಗಳನ್ನು ಕೆಸರುಗದ್ದೆಯಲ್ಲಿ ಓಡಿಸುತ್ತಾರೆ. ಓಟಕ್ಕೆಂದು ಹದಗೊಳಿಸಿ ನೀರು ಕಟ್ಟಿದ, ನೂರು ಮೀಟರಿಗೂ ಮಿಕ್ಕ ಉದ್ದದ ಗದ್ದೆಗೆ 'ಕರೆ' ಎಂದು ಹೆಸರು. ಒಂದರ ಪಕ್ಕದಲ್ಲಿ ಇನ್ನೊಂದು ಕರೆಯಿದ್ದು ಎರಡು ಜೋಡಿ ಕೋಣಗಳು ಏಕಕಾಲಕ್ಕೆ ಓಡಿದರೆ ಅದು ಜೋಡುಕರೆ ಕಂಬಳ. ಕೋಣಗಳನ್ನು ಬಿಡುವ ತುದಿ ಗಂತು. ಅವು ಬಂದು ಏರಿ ನಿಲ್ಲುವ ಇಳಿಜಾರಿನ ತುದಿ ಮಂಜೊಟ್ಟಿ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ಸ್ಪರ್ಧೆಯ ವಿಭಾಗಗಳು. ಹಗ್ಗ ಮತ್ತು ನೇಗಿಲಿನ ವಿಭಾಗಗಳಲ್ಲಿ ಓಡಿಸುವವನು ಕೋಣಗಳ ಹಿಂದೆ ಬರಿಗಾಲಿನಲ್ಲಿ ಓಡುತ್ತಾನೆ; ಹಲಗೆಯ ವಿಭಾಗಗಳಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆ ಹಲಗೆಯಲ್ಲಿ ಮೊದಲು ಗುರಿ ಮುಟ್ಟಿದವನಿಗೆ ಬಹುಮಾನವಿಲ್ಲ. ಹಲಗೆಯ ತೂತುಗಳ ಮೂಲಕ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ತೋಯಿಸಿತೇ ಇಲ್ಲವೇ ಎಂಬುದೇ ಅಲ್ಲಿಯ ಪರೀಕ್ಷೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಆ ನಿಶಾನೆಯ ಎತ್ತರವನ್ನು ಹೇಳುವುದು ವಾಡಿಕೆ.

ಇನ್ನು ವೇಗದ ಲೆಕ್ಕವನ್ನು ನೋಡಬಹುದು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಎಂದರೆ ಸೆಕೆಂಡಿಗೆ ಹತ್ತೂವರೆ ಮೀಟರಿನಷ್ಟು. ಕ್ಯಾಮರಾದ ಷಟರು ಸೆಕೆಂಡಿನ ಅರುವತ್ತನೆಯ ಒಂದು ಭಾಗ ಮಾತ್ರ ತೆರೆದಿದ್ದರೂ, ಅಷ್ಟರಲ್ಲಿ ಕೋಣದ ಮೈ ಹದಿನೇಳು ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಐನೂರನೆಯ ಒಂದು ಭಾಗ ತೆರೆದರೆ ಎರಡು ಸೆಂಟಿಮೀಟರ್. ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ಒಂದು ಸೆಂಟಿಮೀಟರ್. ಇದು ಮೈಯ ಮಾತಾಯಿತು. ಮುಂದಕ್ಕೆ ಬೀಸುವ ಗೊರಸಿನ ವೇಗ ಮೈಯ ವೇಗಕ್ಕಿಂತ ಬಹಳ ಹೆಚ್ಚು. ಗೊರಸಿನಿಂದ ಸಿಡಿದ ಕೆಸರಿನ ಹನಿಗಳ ಗತಿಯೇ ಬೇರೆ. ಒಂದೇ ಚಿತ್ರದೊಳಗೆ ನಾಲ್ಕಾರು ವೇಗಗಳು ಕೂಡಿ ಬರುವ ಇಂಥ ದೃಶ್ಯ ಅಪರೂಪವೆಂದೇ ಹೇಳಬೇಕು.

ಓಡುವ ಪ್ರಾಣಿಯ ಕಾಲುಗಳನ್ನು ಕಣ್ಣು ಹೇಗೆ ತಪ್ಪಾಗಿ ಕಾಣುತ್ತದೆ ಎಂಬುದಕ್ಕೆ ಛಾಯಾಗ್ರಹಣದ ಇತಿಹಾಸವೇ ಸಾಕ್ಷಿ. ಶತಮಾನಗಳ ಕಾಲ ಯುರೋಪಿನ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. 1878ರ ಜೂನ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಎಂಬಾತನು ಓಟದ ದಾರಿಯುದ್ದಕ್ಕೂ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ಇರಿಸಿ, ಅಡ್ಡಲಾಗಿ ಎಳೆಗಳನ್ನು ಕಟ್ಟಿ, ಓಡುತ್ತ ಬಂದ ಕುದುರೆಯ ಎದೆಗೆ ತಾಗಿ ಎಳೆ ಹರಿದಂತೆಲ್ಲ ಒಂದೊಂದು ಚಿತ್ರ ಮೂಡುವ ಏರ್ಪಾಡು ಮಾಡಿದನು. ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲ ಬಿಡುವುದು ನಿಜವೆಂದು ಆಗ ಸಿದ್ಧವಾಯಿತು. ಆದರೆ ಆ ಕ್ಷಣದಲ್ಲಿ ಅವು ಚಾಚಿಕೊಂಡಿರುವುದಿಲ್ಲ, ಹೊಟ್ಟೆಯಡಿಯಲ್ಲಿ ಮುದುಡಿಕೊಂಡಿರುತ್ತವೆ. ದೊಡ್ಡ ದೊಡ್ಡ ಕಲಾವಿದರ ಕಣ್ಣೂ ಮೋಸಹೋಗಿತ್ತು. ಯಂತ್ರ ಸತ್ಯವನ್ನು ಹೇಳಿತು. ಕಂಬಳದ ಕರೆಯ ಬದಿಯಲ್ಲಿ ನಿಂತು, ಕೋಣದ ನಾಲ್ಕು ಗೊರಸುಗಳೂ ನೀರಿನಿಂದ ಮೇಲೆದ್ದ ಕ್ಷಣವನ್ನು ಹಿಡಿಯುವ ಹವ್ಯಾಸಿಯು ಈ ಸತ್ಯವನ್ನೇ ತನ್ನ ಪಾಲಿಗೆ ಮತ್ತೊಮ್ಮೆ ಕಂಡುಕೊಳ್ಳುತ್ತಾನೆ.

ಹಾಗಾದರೆ ವೇಗವಾದ ಷಟರು ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಹೊಸ ಕ್ಯಾಮರಾ ಕೊಂಡು ಮೊದಲ ಬಾರಿಗೆ ಕಂಬಳಕ್ಕೆ ಹೋದವನು ರಾತ್ರಿ ಮನೆಗೆ ಬಂದು ನೋಡಿದರೆ ಬಹುಪಾಲು ಚಿತ್ರಗಳಲ್ಲಿ ಕೋಣದ ಬಾಲವೋ ಬರಿಯ ಕೆಸರೋ ಕಾಣಸಿಗುವುದು ಸಾಮಾನ್ಯ ಅನುಭವ. ದೃಶ್ಯ ಕಣ್ಣಿಗೆ ಬಿದ್ದು, ಮನಸ್ಸು ಅದನ್ನು ಗ್ರಹಿಸಿ, ಬೆರಳು ಗುಂಡಿಯನ್ನೊತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದುಹೋಗುತ್ತದೆ. ಆ ಅವಧಿಯಲ್ಲಿ ಕೋಣಗಳು ಎರಡು ಮೀಟರ್ ದಾಟಿರುತ್ತವೆ. ಕಂಡ ಮೇಲೆ ಒತ್ತಿದರೆ ತಪ್ಪಿತು. ಕಾಣುವುದಕ್ಕೆ ಮೊದಲೇ ಒತ್ತಬೇಕು. ಕಾಣುವ ಮೊದಲೇ ಒತ್ತಬೇಕಾದರೆ ಏನು ನಡೆಯಲಿದೆ ಎಂಬುದು ಮುಂಚಿತವಾಗಿ ತಿಳಿದಿರಬೇಕು. ಈ ತಿಳಿವು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ.

ಆದುದರಿಂದಲೇ ಪಳಗಿದ ಹವ್ಯಾಸಿಯು ಕರೆಗೆ ಬಂದೊಡನೆ ಕ್ಯಾಮರಾವನ್ನು ಚೀಲದಿಂದ ತೆಗೆಯುವುದಿಲ್ಲ. ಮೊದಲ ಕೆಲವು ಓಟಗಳನ್ನು ಸುಮ್ಮನೆ ನೋಡುತ್ತಾನೆ. ಯಾವ ಜೋಡಿ ಗಂತಿನಲ್ಲಿ ತಾಳ್ಮೆಗೆಡುತ್ತದೆ, ಯಾವ ಓಟಗಾರನು ಕರೆಯ ಯಾವ ಭಾಗದಲ್ಲಿ ಬೆತ್ತ ಎತ್ತುತ್ತಾನೆ, ನೀರು ಎಲ್ಲಿ ಆಳವಾಗಿದ್ದು ಹೆಚ್ಚು ಸಿಡಿಯುತ್ತದೆ, ಸಂಜೆಯ ಬಿಸಿಲು ಯಾವ ಬದಿಯಿಂದ ಬೀಳುತ್ತದೆ ಎಂಬುದನ್ನೆಲ್ಲ ಗಮನಿಸುತ್ತಾನೆ. ಅನಂತರ ಕರೆಯ ಒಂದು ಸ್ಥಳವನ್ನು ಆರಿಸಿ, ಮಸೂರವನ್ನು ಆ ಸ್ಥಳಕ್ಕೇ ಹೊಂದಿಸಿಟ್ಟು, ಕೋಣಗಳು ಅಲ್ಲಿಗೆ ಬರುವುದನ್ನು ಕಾಯುತ್ತಾನೆ. ಕೋಣಗಳ ಬೆನ್ನುಹತ್ತಿ ಹೋಗುವುದಕ್ಕಿಂತ ಅವು ಬರುವಲ್ಲಿ ಮೊದಲೇ ಹೋಗಿ ಕಾದಿರುವುದು ಲೇಸು. ಹಳೆಯ ಕಾಲದ ಛಾಯಾಗ್ರಾಹಕರು ಅನುಸರಿಸುತ್ತಿದ್ದ ದಾರಿಯಿದು.

ಕನೆ ಹಲಗೆಯ ಓಟದಲ್ಲಿ ಈ ತಿಳಿವಿನ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಮೇಲಕ್ಕೆ ಎಸೆದ ಕಲ್ಲು ತನ್ನ ಎತ್ತರದ ತುದಿಯಲ್ಲಿ ಒಂದು ಕ್ಷಣ ನಿಂತು ಮತ್ತೆ ಇಳಿಯುವುದೆಂದು ಪ್ರೌಢಶಾಲೆಯ ಭೌತವಿಜ್ಞಾನ ಕಲಿಸುತ್ತದೆ. ಚಿಮ್ಮಿದ ನೀರಿಗೂ ಅದೇ ನಿಯಮ. ನೀರಿನ ಹನಿಗಳು ನಿಶಾನೆಯ ಸಮೀಪ ತಲುಪಿದಾಗ ಅವುಗಳ ಏರುವಿಕೆ ಬಹುಮಟ್ಟಿಗೆ ನಿಂತಿರುತ್ತದೆ. ಆ ಕ್ಷಣವನ್ನು ಅರಿತವನು ಸಾಧಾರಣ ಕ್ಯಾಮರಾದಿಂದಲೂ ಹನಿಹನಿಯನ್ನು ಬಿಡಿಸಿ ತೋರಿಸಬಲ್ಲನು. ಅರಿಯದವನು ಲಕ್ಷ ರೂಪಾಯಿಯ ಕ್ಯಾಮರಾ ಹಿಡಿದಿದ್ದರೂ ಮಬ್ಬು ಕಾರಂಜಿಯೊಂದನ್ನು ಮನೆಗೆ ತರುತ್ತಾನೆ. ಹಾಗೆಯೇ, ಮಂಜೊಟ್ಟಿಯ ಕಡೆಯಿಂದ ಎದುರುಮುಖವಾಗಿ ತೆಗೆದ ಚಿತ್ರದಲ್ಲಿ ಚಲನೆ ಕಡಮೆಯಾಗಿ ತೋರುವುದರಿಂದ ಷಟರಿನ ವೇಗ ಅಷ್ಟಾಗಿ ಬೇಕಾಗುವುದಿಲ್ಲ. ಬದಿಯಿಂದ ತೆಗೆಯುವಾಗ ಬಹಳ ಬೇಕು. ಕೋಣಗಳ ಜೊತೆಜೊತೆಗೆ ಕ್ಯಾಮರಾವನ್ನೂ ಸಮವೇಗದಲ್ಲಿ ತಿರುಗಿಸುತ್ತ, ಷಟರನ್ನು ಬೇಕೆಂದೇ ನಿಧಾನ ಮಾಡಿದರೆ, ಕೋಣಗಳು ಸ್ಫುಟವಾಗಿಯೂ ಹಿಂದಿನ ಜನಸ್ತೋಮ ಗೆರೆಗೆರೆಯಾಗಿಯೂ ಮೂಡಿ, ಓಟದ ರಭಸವೇ ಚಿತ್ರದಲ್ಲಿ ಇಳಿದು ಬರುತ್ತದೆ. ಓಟವನ್ನು ನಿಲ್ಲಿಸಿ ತೋರಿಸುವುದು ಒಂದು ಕಲೆ. ಓಡಿಸಿಯೇ ತೋರಿಸುವುದು ಇನ್ನೊಂದು.

ಆಟವನ್ನು ಬಲ್ಲವನಿಗೇ ಚಿತ್ರ ಒಲಿಯುತ್ತದೆ ಎಂಬುದು ಕರಾವಳಿಗೆ ಮಾತ್ರ ಸೀಮಿತವಾದ ಸತ್ಯವಲ್ಲ. ಶೀತದೇಶಗಳಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಡುವ ಐಸ್ ಹಾಕಿ ಜಗತ್ತಿನ ಅತಿವೇಗದ ಆಟಗಳಲ್ಲೊಂದು. 1970ರ ಮೇ 10ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಬಾಬಿ ಆರ್ ಎಂಬ ಆಟಗಾರನು ವಿಜಯದ ಗೋಲು ಹೊಡೆದು, ಎದುರಾಳಿಯ ತೊಡಕಿನಿಂದ ಮೇಲಕ್ಕೆಸೆಯಲ್ಪಟ್ಟು, ತೋಳು ಚಾಚಿ ಗಾಳಿಯಲ್ಲಿ ತೇಲುತ್ತಿರುವ ಚಿತ್ರ ಆ ಆಟದ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಅಗ್ರಗಣ್ಯವಾದುದು. ಅದನ್ನು ತೆಗೆದ ರೇ ಲೂಸಿಯರ್ ಎಂಬ ಪತ್ರಿಕಾ ಛಾಯಾಗ್ರಾಹಕನು ಹೆಚ್ಚುವರಿ ಅವಧಿ ಆರಂಭವಾಗುವಾಗ ತನ್ನ ಸ್ಥಾನವನ್ನು ಬಿಟ್ಟು, ಬಾಸ್ಟನ್ ತಂಡ ದಾಳಿ ಮಾಡಲಿದ್ದ ತುದಿಗೆ ಹೋಗಿ, ಅಲ್ಲಿ ಖಾಲಿಯಾಗಿದ್ದ ಮತ್ತೊಬ್ಬನ ಆಸನದಲ್ಲಿ ಕುಳಿತಿದ್ದನು. ಹೆಚ್ಚುವರಿ ಅವಧಿಯ 40ನೆಯ ಸೆಕೆಂಡಿನಲ್ಲಿ ಗೋಲು ಬಿತ್ತು. ಅದೃಷ್ಟವೆಂದು ಅದನ್ನು ಕರೆಯುವವರು ಕರೆಯಲಿ. ಆಟ ಎತ್ತ ಸಾಗುತ್ತದೆಂದು ಊಹಿಸಿ ಎದ್ದು ಹೋದವನಿಗೇ ಆ ಅದೃಷ್ಟ ದೊರೆಯಿತು ಎಂಬುದನ್ನು ಮರೆಯಲಾಗದು.

ಇದೇ ಎರಡು ಆಟಗಳನ್ನು ಹೋಲಿಸಿದರೆ ಯಂತ್ರದ ಮೌಢ್ಯವೂ ಬಯಲಾಗುತ್ತದೆ. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಹಿಮವೋ ಕೋಣವೋ ತಿಳಿಯದು. ತಾನು ಕಾಣುವ ಪ್ರಪಂಚವೆಲ್ಲ ಮಧ್ಯಮ ಬೂದುಬಣ್ಣದ್ದೆಂದೇ ಅದರ ಎಣಿಕೆ. ಬಿಳಿಯ ಹಿಮ ತುಂಬಿದ ಐಸ್ ಹಾಕಿಯ ಅಂಗಣದಲ್ಲಿ, ಬೆಳಕು ಅತಿಯಾಯಿತೆಂದು ಬಗೆದು, ಚಿತ್ರವನ್ನು ಕತ್ತಲೆ ಮಾಡುತ್ತದೆ. ಕರಿಯ ಕೋಣಗಳು ಚೌಕಟ್ಟನ್ನು ತುಂಬಿದ ಕಂಬಳದಲ್ಲಿ, ಬೆಳಕು ಸಾಲದೆಂದು ಬಗೆದು, ಕೋಣವನ್ನು ಬೂದಿ ಬಳಿದಂತೆ ಬಿಳಿಚಿಸಿ, ಚಿಮ್ಮಿದ ನೀರಿನ ಹೊಳಪನ್ನೆಲ್ಲ ಸುಣ್ಣದಂತೆ ಮಾಡಿಬಿಡುತ್ತದೆ. ಅಲ್ಲಿ ಬೆಳಕನ್ನು ಹೆಚ್ಚಿಸಬೇಕು, ಇಲ್ಲಿ ತಗ್ಗಿಸಬೇಕು. ಎಣ್ಣೆ ಹಚ್ಚಿ ತಿಕ್ಕಿದ ಕೋಣದ ಮೈ ಮಿರಿಮಿರಿ ಮಿಂಚುವ ಕಪ್ಪಿನ ಸೊಗಸು ಉಳಿಯಬೇಕಾದರೆ, ಯಂತ್ರದ ಮಾತನ್ನು ಮೀರುವ ಧೈರ್ಯ ಮನುಷ್ಯನಿಗಿರಬೇಕು.

ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಅದನ್ನು ಕೊಳ್ಳುವುದಕ್ಕೂ ತೊಳೆಸುವುದಕ್ಕೂ ಹಣ ಬೇಕು. ಹವ್ಯಾಸಿಗೆ ಆ ಹಣ ಮನೆಯ ಖರ್ಚಿನಲ್ಲಿ ಉಳಿಸಿದ್ದು. ಆದಕಾರಣ ಒಂದೊಂದು ಬಾರಿ ಗುಂಡಿಯನ್ನೊತ್ತುವಾಗಲೂ ಅವನು ಯೋಚಿಸುತ್ತಿದ್ದನು. ಹಗಲಿರುಳು ನಡೆಯುವ ಕಂಬಳದಲ್ಲಿ ವಿದ್ಯುದ್ದೀಪಗಳ ಬೆಳಕಿಗೆ ಆ ಫಿಲ್ಮು ಸಾಲದೆ, ಸೊಗಸಾದ ಓಟಗಳೆಷ್ಟೋ ಚಿತ್ರವಾಗದೆಯೇ ಉಳಿದವು. ಈಗಿನ ಡಿಜಿಟಲ್ ಕ್ಯಾಮರಾ ಸೆಕೆಂಡಿಗೆ ಇಪ್ಪತ್ತು ಚಿತ್ರಗಳನ್ನು ತೆಗೆಯಬಲ್ಲುದು. ಹದಿಮೂರು ಸೆಕೆಂಡಿನ ಒಂದು ಓಟ ಮುಗಿಯುವಷ್ಟರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು. ಇರುಳಿನಲ್ಲಿಯೂ ಅದಕ್ಕೆ ಕಣ್ಣುಂಟು. ಇದರ ಪ್ರಯೋಜನವನ್ನು ಅಲ್ಲಗಳೆಯುವುದು ಅವಿವೇಕ. ಆದರೆ ಇನ್ನೂರೈವತ್ತರಲ್ಲಿ ಉಳಿಸಿಕೊಳ್ಳತಕ್ಕ ಒಂದು ಯಾವುದೆಂದು ಹೇಳುವ ವಿವೇಕವನ್ನು ಕ್ಯಾಮರಾ ಕೊಡುವುದಿಲ್ಲ. ಹಿಂದೆ ಗುಂಡಿಯನ್ನೊತ್ತುವ ಮೊದಲು ಮಾಡಬೇಕಾಗಿದ್ದ ಆಯ್ಕೆಯನ್ನು ಇಂದು ಒತ್ತಿದ ಮೇಲೆ ಮಾಡಬೇಕಾಗಿದೆ, ಆಯ್ಕೆಯಂತೂ ತಪ್ಪಿದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೌಶಲದ ಮಾತು. ಇದಕ್ಕಿಂತ ಗುರುತರವಾದ ಮಾತೊಂದಿದೆ. ಅದು ಆಯ್ಕೆಯ ಹಿಂದಿನ ಪ್ರಾಮಾಣಿಕತೆಯದು. ಕಂಬಳ ಬರಿಯ ನೋಟದ ವಸ್ತುವಾಗಿ ಉಳಿದಿಲ್ಲ. ನ್ಯಾಯಾಲಯಗಳ ಮೆಟ್ಟಿಲನ್ನೂ ಏರಿ ಬಂದಿದೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿಷಯದಲ್ಲಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಂಬಳಕ್ಕೆ ತಡೆ ನೀಡಿತು. 2017ರಲ್ಲಿ ರಾಜ್ಯದ ವಿಧಾನಮಂಡಲ ತಿದ್ದುಪಡಿಯನ್ನು ಅಂಗೀಕರಿಸಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತು, ಕಡೆಗೆ 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಈ ದೀರ್ಘ ವಿವಾದದಲ್ಲಿ ಮಾತಿನಷ್ಟೇ ಚಿತ್ರಗಳೂ ವಾದಿಸಿದವು. ಬೆತ್ತದ ಏಟು ಬಿದ್ದ ಕೋಣದ ಬೆನ್ನನ್ನು, ನೊರೆಗಟ್ಟಿದ ಬಾಯನ್ನು ತೋರಿಸಿ ಪ್ರಾಣಿದಯಾ ಸಂಘಟನೆಯವರು ಇದು ಹಿಂಸೆಯೆಂದರು. ಕೋಣಕ್ಕೆ ಎಣ್ಣೆ ಹಚ್ಚಿ, ಹುರುಳಿ ಬೇಯಿಸಿ ತಿನ್ನಿಸಿ, ಮಗನಂತೆ ಸಾಕುವ ಯಜಮಾನನನ್ನು ತೋರಿಸಿ ಕಂಬಳದ ಅಭಿಮಾನಿಗಳು ಇದು ಪ್ರೀತಿಯೆಂದರು. ಎರಡು ಬಗೆಯ ಚಿತ್ರಗಳೂ ಒಂದೇ ಗದ್ದೆಯವು.

ಇಂಥಲ್ಲಿ ಹವ್ಯಾಸಿಯ ಕರ್ತವ್ಯವೇನು? ಸಿಡಿಯುವ ನೀರು, ಹುರಿಗೊಂಡ ಮೈ, ಚಿನ್ನದಂಥ ಬಿಸಿಲು ಇವನ್ನಷ್ಟೇ ಇಟ್ಟುಕೊಂಡು, ಎತ್ತಿದ ಬೆತ್ತವನ್ನು ಚಿತ್ರದ ಅಂಚಿನಿಂದ ಕತ್ತರಿಸಿ ಹಾಕುವುದು ಬಹು ಸುಲಭ. ಪ್ರದರ್ಶನಗಳಲ್ಲಿ ಬಹುಮಾನವೂ ಅಂಥ ಚಿತ್ರಗಳಿಗೇ ಹೆಚ್ಚು. ಬೆತ್ತವೊಂದನ್ನೇ ಹಿಡಿದು ಉಳಿದುದನ್ನು ಮರೆಸುವುದೂ ಅಷ್ಟೇ ಸುಲಭ. ಎರಡೂ ಅರ್ಧಸತ್ಯಗಳು. ಪತ್ರಿಕೆಯ ಛಾಯಾಗ್ರಾಹಕನಿಗೆ ಸಂಪಾದಕನ ಅಪೇಕ್ಷೆಯಿರುತ್ತದೆ, ಮುದ್ರಣದ ಅವಸರವಿರುತ್ತದೆ. ಸಂಘಟಕನು ನೇಮಿಸಿದವನಿಗೆ ಸಂಘಟಕನ ಹಂಗು. ಇವೊಂದೂ ಇಲ್ಲದವನು ಹವ್ಯಾಸಿಯೊಬ್ಬನೇ. ಯಾರಿಂದಲೂ ಹಣ ಪಡೆಯದ ಕಾರಣ ಯಾರನ್ನೂ ಮೆಚ್ಚಿಸಬೇಕಾದ ಅಗತ್ಯ ಅವನಿಗಿಲ್ಲ. ಬಡವನಂತೆ ಕಾಣುವ ಅವನ ಬಳಿಯಿರುವ ದೊಡ್ಡ ಆಸ್ತಿ ಈ ಸ್ವಾತಂತ್ರ್ಯವೇ. ಅದನ್ನು ಹೊಗಳಿಕೆಯ ಆಸೆಗೆ ಮಾರಿಕೊಂಡರೆ ಅವನ ಹವ್ಯಾಸಕ್ಕೆ ಅರ್ಥವೇ ಉಳಿಯದು. ಬೆತ್ತ ಎತ್ತಿದ್ದರೆ ಬೆತ್ತವನ್ನೂ, ಓಟ ಮುಗಿದ ಮೇಲೆ ಕೋಣದ ಕೊರಳನ್ನು ತಬ್ಬಿದ್ದರೆ ಆ ಅಪ್ಪುಗೆಯನ್ನೂ ಅವನ ಕ್ಯಾಮರಾ ದಾಖಲಿಸಬೇಕು. ಕಂಬಳ ಉಳಿಯಬೇಕೆನ್ನುವವರಿಗೂ ಇಂಥ ಚಿತ್ರಗಳೇ ನಿಜವಾದ ಸಹಾಯ. ತಿದ್ದಿಕೊಳ್ಳಬೇಕಾದುದು ಏನೆಂದು ಕಾಣದೆ ಯಾವ ಆಚರಣೆಯೂ ತಿದ್ದಿಕೊಂಡದ್ದಿಲ್ಲ.

ತಿಳಿವಿಲ್ಲದ ಚಿತ್ರ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಮೇಲೆ ಹೇಳಿದ ಐಕಳದ ಓಟವೇ ನಿದರ್ಶನ. ಶ್ರೀನಿವಾಸ ಗೌಡರ ಚಿತ್ರ ಕೆಲವೇ ದಿನಗಳಲ್ಲಿ ಲೋಕವನ್ನೆಲ್ಲ ಸುತ್ತಿತು. 13.62 ಸೆಕೆಂಡನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ, 2009ರಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58 ಸೆಕೆಂಡಿನ ವಿಶ್ವದಾಖಲೆಯೊಡನೆ ಜನ ಅದನ್ನು ಹೋಲಿಸಿದರು. ಓಟಗಾರನ ಕೈಯಲ್ಲಿ ಹಗ್ಗವಿರುತ್ತದೆ, ಕೋಣಗಳ ಸೆಳೆತವೂ ಅವನ ವೇಗಕ್ಕೆ ಸೇರಿರುತ್ತದೆ ಎಂಬುದು ಕರಾವಳಿಯ ಬಾಲಕನಿಗೂ ಗೊತ್ತು. ದೂರದಿಂದ ಚಿತ್ರವನ್ನಷ್ಟೇ ಕಂಡವರಿಗೆ ಹೊಳೆಯಲಿಲ್ಲ. ಕೇಂದ್ರದ ಕ್ರೀಡಾ ಸಚಿವರಿಂದ ಪರೀಕ್ಷಾ ಓಟಕ್ಕೆ ಆಹ್ವಾನ ಬಂದಾಗ ಗೌಡರು, ಕಂಬಳದ ಓಟವೇ ಬೇರೆ, ಕ್ರೀಡಾಂಗಣದ ಓಟವೇ ಬೇರೆ ಎಂಬ ನಿಲುವನ್ನು ತಾಳಿ ಅದರಿಂದ ಹಿಂದೆ ಸರಿದರು. ಚಿತ್ರವನ್ನು ಹರಡಿದ ಲಕ್ಷಾಂತರ ಜನರಿಗಿಂತ ಚಿತ್ರದಲ್ಲಿದ್ದ ಮನುಷ್ಯನ ವಿವೇಕವೇ ಹಿರಿದಾಗಿತ್ತು. ಚಿತ್ರದ ಕೆಳಗೆ ಎರಡು ಸಾಲಿನ ತಿಳಿವಳಿಕೆಯ ವಿವರಣೆ ಜೊತೆಯಾಗಿ ಸಾಗಿದ್ದರೆ ಈ ಗೊಂದಲಕ್ಕೆ ಅಷ್ಟು ಅವಕಾಶವಿರುತ್ತಿರಲಿಲ್ಲ.

ಚೌಕಟ್ಟಿನ ಹೊರಗೆ ಉಳಿಯುವವರ ವಿಚಾರವನ್ನೂ ಇಲ್ಲಿ ಹೇಳಬೇಕು. ಓಟ ಹದಿನಾಲ್ಕು ಸೆಕೆಂಡಿನದು. ಕೋಣದ ಆರೈಕೆ ವರ್ಷದ್ದು. ಮೇವು ಹಾಕುವವನು, ಮೈ ತಿಕ್ಕುವವನು, ಗಂತಿನಲ್ಲಿ ಕೋಣವನ್ನು ಹಿಡಿದು ನಿಲ್ಲಿಸುವವನು, ಮಂಜೊಟ್ಟಿಯಲ್ಲಿ ಅದನ್ನು ತಡೆದು ಸಂತೈಸುವವನು ಇವರಾರೂ ಪ್ರಸಿದ್ಧ ಚಿತ್ರಗಳಲ್ಲಿ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ, ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದ ಅವಮಾನಕರ ರೂಢಿಯೂ ಈ ಇತಿಹಾಸದ ಭಾಗವೇ. ಕೊರಗರನ್ನು ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು 2000ದ ಅಧಿನಿಯಮದ ಮೂಲಕ ಕರ್ನಾಟಕ ಸರಕಾರ ನಿಷೇಧಿಸಿತು. ಸಿಡಿಯುವ ನೀರಿನ ಸೊಬಗಿಗೆ ಮರುಳಾದ ಕಣ್ಣಿಗೆ ಇವೆಲ್ಲ ಕಾಣಿಸವು. ಕ್ಯಾಮರಾವನ್ನು ಓಟದಿಂದ ಆಚೆಗೂ ಒಂದಿಷ್ಟು ತಿರುಗಿಸುವ ತಾಳ್ಮೆಯುಳ್ಳ ಹವ್ಯಾಸಿಗೆ ಮಾತ್ರ ಕಾಣಿಸಿಯಾವು.

ಹವ್ಯಾಸದಿಂದ ದೊಡ್ಡ ಕೆಲಸ ಆಗಲಾರದು ಎಂಬ ಸಂದೇಹ ಯಾರಿಗಾದರೂ ಇದ್ದರೆ, ಕನ್ನಡನಾಡಿನಲ್ಲಿಯೇ ಉತ್ತರವುಂಟು. ಮೂಡಿಗೆರೆಯ ತೋಟದಲ್ಲಿ ಕೃಷಿ ಮಾಡುತ್ತ, ಕಥೆ ಕಾದಂಬರಿಗಳನ್ನು ಬರೆಯುತ್ತ, ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ತಾಸುಗಟ್ಟಲೆ ಕಾದು ಕುಳಿತ ಪೂರ್ಣಚಂದ್ರ ತೇಜಸ್ವಿಯವರನ್ನು (1938–2007) ನೆನೆಯಬಹುದು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದದ್ದು ಇಂಥದೇ ತಾಳ್ಮೆಯಿಂದ. ಹಾರುವ ಹಕ್ಕಿಗೂ ಓಡುವ ಕೋಣಕ್ಕೂ ಬೇಕಾದ ಸಿದ್ಧತೆ ಒಂದೇ: ಆ ಜೀವವನ್ನು ಮೊದಲು ಬಲ್ಲವನಾಗಬೇಕು.

ಕೆಲವು ವ್ಯಾವಹಾರಿಕ ಮಾತುಗಳೂ ಉಚಿತವಾದಾವು. ಮಂಜೊಟ್ಟಿಯ ಎದುರಿನಲ್ಲಿ, ಕೋಣಗಳು ನುಗ್ಗಿ ಬರುವ ದಾರಿಯಲ್ಲಿ ನಿಲ್ಲುವುದು ಶೌರ್ಯವಲ್ಲ, ಮೂರ್ಖತನ. ಒಬ್ಬನ ಹುಡುಗಾಟದಿಂದ ಕೋಣಕ್ಕೂ ಓಟಗಾರನಿಗೂ ಅಪಾಯ. ರಾತ್ರಿಯಲ್ಲಿ ಕೋಣದ ಕಣ್ಣಿಗೆ ಫ್ಲ್ಯಾಷಿನ ಬೆಳಕು ಬೀರುವುದು ಸಲ್ಲದು. ಕೆಸರಿನಿಂದ ಕ್ಯಾಮರಾವನ್ನು ಕಾಪಾಡಲು ಸಾಧಾರಣ ಪ್ಲಾಸ್ಟಿಕ್ ಚೀಲವೊಂದು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದ ಜೊತೆಗೆ ದಿನಾಂಕ, ಕಂಬಳದ ಊರು, ಸ್ಪರ್ಧೆಯ ವಿಭಾಗ, ಕೋಣಗಳ ಯಜಮಾನನ ಹೆಸರು, ಓಟಗಾರನ ಹೆಸರು ಇವನ್ನು ಬರೆದಿಡಬೇಕು. ಸಾಧ್ಯವಾದರೆ ಓಟಗಾರನಿಗೆ ಚಿತ್ರದ ಒಂದು ಪ್ರತಿಯನ್ನು ತಲುಪಿಸಬೇಕು. ಹೆಸರಿಲ್ಲದ ಚಿತ್ರ ಹತ್ತು ವರ್ಷದಲ್ಲಿ ಅಲಂಕಾರದ ವಸ್ತುವಾಗುತ್ತದೆ. ಹೆಸರುಳ್ಳ ಚಿತ್ರ ಐವತ್ತು ವರ್ಷದ ಮೇಲೆ ಚರಿತ್ರೆಯ ಆಧಾರವಾಗುತ್ತದೆ.

ಈ ಮಾತು ವಿದ್ಯಾಸಂಸ್ಥೆಗಳಿಗೂ ಅನ್ವಯಿಸುತ್ತದೆ. ಎಷ್ಟೋ ಶಾಲೆಗಳ ಕಪಾಟಿನಲ್ಲಿ ಹಳೆಯ ಗುಂಪುಚಿತ್ರಗಳಿವೆ: ಸಾಲಾಗಿ ಕುಳಿತ ಅಧ್ಯಾಪಕರು, ಹಿಂದೆ ನಿಂತ ವಿದ್ಯಾರ್ಥಿಗಳು. ಆ ಶಾಲೆಯ ಮಕ್ಕಳು ಹೇಗೆ ಕಬಡ್ಡಿ ಆಡುತ್ತಿದ್ದರು, ಖೋ ಖೋ ಕಂಬವನ್ನು ಹೇಗೆ ಸುತ್ತುತ್ತಿದ್ದರು, ಗರಡಿಯಲ್ಲಿ ಹೇಗೆ ಸೆಣಸುತ್ತಿದ್ದರು ಎಂಬುದನ್ನು ತೋರಿಸುವ ಚಿತ್ರ ಹುಡುಕಿದರೂ ಸಿಗುವುದು ಅಪರೂಪ. ನಿಂತವರ ಚಿತ್ರ ಉಂಟು, ಓಡಿದವರದಿಲ್ಲ. ಈ ಕೊರತೆಯನ್ನು ತುಂಬುವುದಕ್ಕೆ ಇಂದು ದೊಡ್ಡ ವೆಚ್ಚ ಬೇಕಾಗಿಲ್ಲ. ಹಳೆಯ ವಿದ್ಯಾರ್ಥಿಗಳು ತಾವು ಬಳಸಿ ಬಿಟ್ಟ ಒಂದೆರಡು ಒಳ್ಳೆಯ ಕ್ಯಾಮರಾಗಳನ್ನು ಶಾಲೆಗೆ ಕೊಡಬಹುದು. ಚಿತ್ರಗಳನ್ನು ಹೆಸರು ದಿನಾಂಕಗಳೊಡನೆ ಕಾಯ್ದಿಡುವ ವ್ಯವಸ್ಥೆಗೆ ದಾನಿಗಳು ನೆರವಾಗಬಹುದು. ಭೌತವಿಜ್ಞಾನದ ಅಧ್ಯಾಪಕರು ಷಟರು, ಮಸೂರ, ವೇಗಗಳ ಲೆಕ್ಕವನ್ನು ಆಟದ ಬಯಲಿನಲ್ಲಿಯೇ ಕಲಿಸಬಹುದು; ಕನ್ನಡದ ಅಧ್ಯಾಪಕರು ಚಿತ್ರದ ಕೆಳಗೆ ನಾಲ್ಕು ಸಾಲಿನ ಸತ್ಯವಾದ ವಿವರಣೆಯನ್ನು ಬರೆಯಿಸಬಹುದು. ಆಯಾ ಊರಿನ ಕಾರಹುಣ್ಣಿಮೆಯ ಓಟವಿರಲಿ, ಜಾತ್ರೆಯ ಕುಸ್ತಿಯಿರಲಿ, ಶಾಲೆಯ ಕ್ರೀಡಾದಿನವಿರಲಿ, ಇವೆಲ್ಲ ಆ ಮಕ್ಕಳ ಪಾಲಿನ ಕಂಬಳಗಳೇ.

ವೇಗ ಇಂದಿನ ಕಾಲದ ಲಕ್ಷಣವೆಂದು ಎಲ್ಲರೂ ಹೇಳುತ್ತಾರೆ. ವೇಗವಾಗಿ ನೋಡುವುದು, ವೇಗವಾಗಿ ತೀರ್ಮಾನಿಸುವುದು, ವೇಗವಾಗಿ ಮರೆಯುವುದು ರೂಢಿಯಾಗಿಬಿಟ್ಟಿದೆ. ಕರೆಯ ಅಂಚಿನಲ್ಲಿ ಕೆಸರು ಮೆತ್ತಿಕೊಂಡು ನಿಂತ ಹವ್ಯಾಸಿಯು ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿತಿರುತ್ತಾನೆ. ಅತಿವೇಗದ ವಸ್ತುವನ್ನು ಹಿಡಿಯಬೇಕಾದರೆ ನೋಡುವವನು ನಿಧಾನಿಯಾಗಿರಬೇಕು. ಸಾವಿರದ ಒಂದು ಭಾಗದ ಸೆಕೆಂಡಿಗಾಗಿ ಇಡೀ ದಿನ ಕಾಯಬೇಕು. ಕಾದು ಹಿಡಿದುದನ್ನು ಕೂಡಿಸದೆ, ಕಳೆಯದೆ, ಇದ್ದದ್ದನ್ನು ಇದ್ದಂತೆ ಲೋಕದ ಮುಂದಿಡಬೇಕು. ಇಂಥ ಕಣ್ಣುಳ್ಳ ಹತ್ತು ಮಕ್ಕಳನ್ನು ಒಂದು ಶಾಲೆ ವರ್ಷಕ್ಕೆ ಹೊರತಂದರೂ, ಆ ಊರಿನ ಚರಿತ್ರೆ ಇನ್ನು ಮುಂದೆ ಗುಂಪುಚಿತ್ರಗಳಿಗೇ ಸೀಮಿತವಾಗಿ ಉಳಿಯಬೇಕಾಗಿಲ್ಲ.